ಗುಡಿಸಲು ಬಿಟ್ಟು ಬರೆಯದವಳು

ಹಾರ್ಲೆಮ್ ಊರಿನ ಚಿತ್ರಗಾರ್ತಿ ಮಾಖ್ಟೆಲ್ಟ್‌ಗೆ ಅದೇ ಕಸುಬಿನ ತಂದೆ ತೀರಿಕೊಂಡಾಗ ಬಿಟ್ಟುಹೋದದ್ದು ಲೇಖನಿ, ಕಂದು ಶಾಯಿ, ತಾನು ಚಿತ್ರ ಬರೆದಿಟ್ಟಿದ್ದ ಹಳೆಯ ಪುಸ್ತಕಗಳು ಮತ್ತು ನಾಲ್ಕಾರು ಸಿರಿವಂತ ಗಿರಾಕಿಗಳು. ಅವರಲ್ಲೊಬ್ಬ ಬಟ್ಟೆ ವ್ಯಾಪಾರಿ ಲುಬ್ಬರ್ಟ್. ಮರಳುದಿಬ್ಬಗಳ ಹತ್ತಿರ ಅವನು ಹೊಸದಾಗಿ ಕಟ್ಟಿಸಿದ ತೋಟದ ಮನೆಯನ್ನು ಚಿತ್ರಿಸಲು ಅವಳನ್ನು ಕರೆಸಿದ.

ಕಾಲುವೆಯಾಚೆ ಕೂತು ಮೂರು ದಿನ ಬರೆದಳು. ಮೆಟ್ಟಿಲು ಮೆಟ್ಟಿಲಾಗಿ ಏರಿದ ಇಟ್ಟಿಗೆಯ ಮುಂಗೋಡೆ, ಗಾಳಿಗೆ ಬಾಗಿದ ವಿಲೋ ಮರ, ಅದರಡಿ ಅಗಸಗಿತ್ತಿ ಹಿಲ್ಲೆಯ ಜೊಂಡಿನ ಗುಡಿಸಲು.

ಚಿತ್ರ ನೋಡಿ ಲುಬ್ಬರ್ಟ್ ಮುಖ ಸಿಂಡರಿಸಿದ. "ಈ ಕೊಳಕು ಗುಡಿಸಲು ಯಾಕಮ್ಮ? ಬೇರೆ ಹಾಳೇಲಿ ಬರಿ, ಅಲ್ಲಿ ಎರಡು ಮರ ಹಾಕು. ಕೆಳಗೆ ಹೋದ ವರ್ಷದ ತಾರೀಕಿರಲಿ."

"ಯಾಕೆ ಯಜಮಾನ್ರೆ?"

"ನಾನು ಮನೆ ಕಟ್ಟಿದಾಗ ಜಾಗ ಖಾಲಿ ಇತ್ತು, ಮುದುಕಿ ಆಮೇಲೆ ಬಂದು ಸೇರ್ಕೊಂಡ್ಲು ಅಂತ ನ್ಯಾಯಕಟ್ಟೆಗೆ ಹೇಳಿದೀನಿ. ಗುರುವಾರ ಈ ಚಿತ್ರ ತೋರಿಸಿ ಗುಡಿಸಲು ಕೀಳಿಸ್ಬೇಕು."

"ನನ್ನ ಕೈಲಾಗಲ್ಲ."

"ಚಿತ್ರಗಾರರು ಇಲ್ಲದ ಬೆಟ್ಟಾನೇ ಬರೀತಾರೆ. ನಿಂಗೆ ಎರಡು ಮರ ಭಾರವಾ?"

"ಬೆಟ್ಟ ಬರೆದ್ರೆ ಯಾರ ಮನೇನೂ ಬೀಳಲ್ಲ," ಎಂದು ಅವಳು ಹಾಳೆ ಸುತ್ತಿಕೊಂಡು ಎದ್ದಳು.

"ಈ ಊರಲ್ಲಿ ಇನ್ನು ಯಾವ ದೊಡ್ಡ ಮನೇನೂ ನಿನ್ನ ಕರೆಯಲ್ಲ, ನೋಡ್ತಿರು!"

ಮನೆಗೆ ಬಂದವಳೇ ತಂದೆಯ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಏಳನೆಯದರಲ್ಲಿ ಸಿಕ್ಕಿತು: ಅದೇ ಬಾಗಿದ ಮರ, ಅದೇ ಗುಡಿಸಲು, ಹುಲ್ಲಿನ ಮೇಲೆ ಹಾಸಿದ ಬಿಳಿ ಬಟ್ಟೆಗಳು, ಪಕ್ಕದಲ್ಲೊಂದು ಮೇಕೆ. ಲುಬ್ಬರ್ಟನ ಮನೆಯ ಸುಳಿವೇ ಇಲ್ಲ. ಕೆಳಗೆ ತಂದೆಯ ಕೈಬರಹದಲ್ಲಿ ಹನ್ನೊಂದು ವರ್ಷದ ಹಿಂದಿನ ತಾರೀಕು.

ಗುರುವಾರ ಯಾರೂ ಕರೆಯದಿದ್ದರೂ ಹಿಲ್ಲೆಯ ಕೈಹಿಡಿದು ನ್ಯಾಯಕಟ್ಟೆಗೆ ಹೋದಳು. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಳು.

"ಗೀಚಿದ ಹಾಳೇನೂ ಸಾಕ್ಷೀನಾ?" ಎಂದು ಲುಬ್ಬರ್ಟ್ ನಕ್ಕ.

"ನೀವು ನನ್ನ ಹತ್ರ ಗೀಚಿಸೋಕೆ ಹೊರಟಿದ್ದೂ ಸಾಕ್ಷಿಗೇ ಅಲ್ವಾ?"

ಹಿಲ್ಲೆ ಚಿತ್ರದತ್ತ ಬಾಗಿ, "ಅಯ್ಯೋ, ಇದು ನನ್ನ ಕಂದು ಮೇಕೆ! ಸತ್ತು ಒಂಬತ್ತು ವರ್ಷ ಆಯ್ತಲ್ಲ!" ಎಂದು ಕೂಗಿದಳು. ನ್ಯಾಯಾಧೀಶರಲ್ಲಿ ಹಿರಿಯರಿಗೆ ಆ ಮೇಕೆಯ ಹಾಲಿನ ನೆನಪಿತ್ತು. ಗುಡಿಸಲು ಉಳಿಯಿತು.

ಲುಬ್ಬರ್ಟ್ ಹೇಳಿದಂತೆಯೇ ಆ ಚಳಿಗಾಲ ಯಾವ ದೊಡ್ಡ ಮನೆಯಿಂದಲೂ ಕರೆ ಬರಲಿಲ್ಲ. ಮಾಖ್ಟೆಲ್ಟ್ ಹೆಪ್ಪುಗಟ್ಟಿದ ಕಾಲುವೆ, ಮುರಿದ ಸೇತುವೆ, ದೋಣಿಗಾರರ ಮನೆಗಳನ್ನು ಬರೆದಳು. ಪ್ರತಿ ಚಿತ್ರದ ಕೆಳಗೂ ತನ್ನದೇ ಹೆಸರನ್ನು ದೊಡ್ಡದಾಗಿ ಹಾಕಿ, ಬೀದಿಗೆ ಕಾಣುವಂತೆ ಕಿಟಕಿಯಲ್ಲಿ ತೂಗುಹಾಕಿದಳು. ಮೊದಲನೆಯದನ್ನು ಕೊಂಡವನು ಎದುರುಮನೆಯ ರೊಟ್ಟಿಯವನು.