ಗಾಜಿನ ಅಂಚು

ಆಸ್ಪತ್ರೆಗೆ ಹೋದದ್ದು ಹೆಂಡತಿಯ ಮಚ್ಚೆ ತೋರಿಸಲು. ಅವಳ ಹಣೆಯ ಎಡಭಾಗದಲ್ಲಿ, ಕೂದಲು ಶುರುವಾಗುವಲ್ಲಿ, ಅಂಗಿಯ ಗುಂಡಿಯಷ್ಟು ದೊಡ್ಡ ಕಪ್ಪು ಮಚ್ಚೆ ಬೆಳೆದಿತ್ತು. ಮಗಳು ಫೋನಿನಲ್ಲಿ ಏನೇನೋ ಚಿತ್ರ ನೋಡಿ ತಾನೂ ಹೆದರಿ, ತಾಯಿಯನ್ನೂ ಹೆದರಿಸಿದ್ದಳು. ಗಡಿಯಾರ ರಿಪೇರಿ ಮಾಡುವ ಗಂಡ ಅಂಗಡಿಯ ಬಾಗಿಲೆಳೆದು ಜೊತೆಗೆ ಬಂದಿದ್ದ. ದಾರಿಯಲ್ಲಿ ಮಾತಿಲ್ಲ. ಹತ್ತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಮನುಷ್ಯ ಅವನು.

ಚರ್ಮದ ಡಾಕ್ಟರು ಮಗಳಿಗಿಂತ ಚಿಕ್ಕವಳಂತೆ ಕಂಡಳು. ದೀಪವಿದ್ದ ಒಂದು ಪುಟ್ಟ ಭೂತಗನ್ನಡಿಯನ್ನು ಮಚ್ಚೆಯ ಮೇಲಿಟ್ಟು, ಸುತ್ತ ಸರಿಸುತ್ತ ನೋಡಿದಳು. ಗಂಡ ಅಂದಿನ ಮೊದಲ ಮಾತಾಡಿದ್ದು ಆಗ.

"ಅದ್ರಲ್ಲಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?"

"ಹತ್ತು ಪಟ್ಟು."

"ನನ್ನ ಅಂಗಡಿ ಗಾಜೂ ಹತ್ತೇ," ಎಂದ.

ಮಚ್ಚೆಯಿಂದ ಅಪಾಯವಿಲ್ಲ ಎಂದಳು ಡಾಕ್ಟರು. ವಯಸ್ಸಾದಂತೆ ಕೆಲವರಿಗೆ ಹೀಗೆ ಬರುತ್ತದೆ, ಮೇಲೆ ಮೇಣ ಮೆತ್ತಿದ ಹಾಗೆ. ಕ್ಯಾನ್ಸರಲ್ಲ, ಕ್ಯಾನ್ಸರಾಗುವುದೂ ಇಲ್ಲ. ನೋಡಲು ಬೇಸರವಾದರೆ ತಣ್ಣನೆಯ ದ್ರವ ಹಾಕಿ ಉದುರಿಸಬಹುದು, ಅವಸರವಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ಹೆಂಡತಿ ನಕ್ಕು, ಸೆರಗು ಸರಿಮಾಡಿಕೊಂಡು ಎದ್ದಳು.

ಡಾಕ್ಟರು ಏಳಲಿಲ್ಲ. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. "ನಿಮ್ಮ ಬಲಗಣ್ಣಿನ ಕೆಳಗೆ ಅದೇನು?"

ಗಾಜು ಒತ್ತಿ ಆದ ಗಾಯ ಎಂದ ಅವನು. ಆಮೇಲೆ, ಹೆಂಡತಿಗೇ ಆಶ್ಚರ್ಯವಾಗುವಷ್ಟು ಮಾತಾಡಿದ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯ ಅಂಚು ದಿನವಿಡೀ ಅಲ್ಲೇ ಕೂರುತ್ತದೆ. ಗಾಯವಾದಾಗ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ್ದ. ಮತ್ತೆ ಆದಾಗ ಇನ್ನಷ್ಟು ಉಜ್ಜಿದ್ದ. ಆಮೇಲೆ ಮಖಮಲ್ಲನ್ನು ಬಳೆಯಾಕಾರಕ್ಕೆ ಕತ್ತರಿಸಿ ಅಂಚಿಗೆ ಅಂಟಿಸಿದ್ದ. ಯಂತ್ರದಲ್ಲಿ ಎಲ್ಲೋ ಸವೆದರೆ, ಉಜ್ಜುತ್ತಿರುವ ಭಾಗವನ್ನು ಹುಡುಕಿ ಸರಿಮಾಡಬೇಕು. ಅವನಿಗೆ ಗೊತ್ತಿದ್ದ ನ್ಯಾಯ ಅದು.

ಡಾಕ್ಟರು ತನ್ನ ಗಾಜನ್ನು ಅಲ್ಲಿಟ್ಟು ಬಹಳ ಹೊತ್ತು ನೋಡಿದಳು. ಸುತ್ತಲ ಅಂಚು ಮುತ್ತಿನಂತೆ ಹೊಳೆಯುತ್ತ ಎದ್ದಿದೆ, ಅದರ ಮೇಲೆ ಕೂದಲೆಳೆಯಂಥ ರಕ್ತನಾಳಗಳು ಹರಿದಿವೆ, ನಡುವೆ ಹಕ್ಕಳೆಗಟ್ಟಿದೆ ಎಂದಳು.

"ಒತ್ತಿ ಆದ ಗಾಯ ಆಗಿದ್ರೆ, ಅಂಚು ಉಜ್ಜಿದ ಮೇಲೆ ವಾಸಿ ಆಗ್ಬೇಕಿತ್ತು."

"ಆಯ್ತಲ್ಲ. ಪ್ರತಿ ಸಲ ಆಯ್ತು."

"ಪ್ರತಿ ಸಲ ಮತ್ತೆ ಬಂತಲ್ಲ."

ಅವನು ಬೆರಳ ತುದಿಯಿಂದ ಗಾಯದ ಅಂಚು ಸವರಿದ. ಅವನ ಮೌನಗಳು ಹೆಂಡತಿಗೆ ಪರಿಚಿತ. ಕೈತಪ್ಪಿದ ತಿರುಪನ್ನು ಹುಡುಕುವಾಗಿನದು ಒಂದು, ಕೋಪದ್ದು ಇನ್ನೊಂದು. ಇದು ಎರಡೂ ಅಲ್ಲ.

ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಹೋದಾಗ ಡಾಕ್ಟರು ಸುತ್ತುಬಳಸಲಿಲ್ಲ. ಕ್ಯಾನ್ಸರೇ, ಆದರೆ ನಿಧಾನದ ಜಾತಿ, ದೇಹದ ಬೇರೆ ಕಡೆಗೆ ಹರಡುವುದು ತೀರ ಅಪರೂಪ. ಬಿಟ್ಟರೆ ಮಾತ್ರ ಇದ್ದಲ್ಲೇ ಒಳಒಳಗೆ ತಿನ್ನುತ್ತ ಕಣ್ಣಿನವರೆಗೂ ಹೋದೀತು.

"ಕಣ್ಣು ಉಳಿಯುತ್ತಾ?" ಎಂದು ಕೇಳಿದವಳು ಹೆಂಡತಿ.

ಉಳಿಯುತ್ತೆ, ಈಗಲೇ ತೆಗೆಸಿದರೆ, ಎಂದಳು ಡಾಕ್ಟರು. ಗಂಡ ಕೇಳಿದ್ದು ಬೇರೆ.

"ಗಾಜು ಸಿಕ್ಕಿಸಬಹುದಾ?"

"ಆ ಕಣ್ಣಿಗೆ ಬೇಡ. ಹೊಸ ಚರ್ಮದ ಮೇಲೆ ಏನನ್ನೂ ಒತ್ತೋ ಹಾಗಿಲ್ಲ. ಹಿಡಿದು ನಿಲ್ಲಿಸೋ ಶಕ್ತೀನೂ ಆ ಜಾಗಕ್ಕೆ ಇರೋದಿಲ್ಲ."

ಶಸ್ತ್ರಚಿಕಿತ್ಸೆಯ ದಿನ ಕಣ್ಣಿನ ಕೆಳಗಷ್ಟೇ ಮರಗಟ್ಟಿಸಿ ಒಂದು ತೆಳು ಪದರ ತೆಗೆದರು. ಅದನ್ನು ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿ ಹೇಳುವವರೆಗೆ ಅವನು ಪಟ್ಟಿ ಕಟ್ಟಿಕೊಂಡು ಹೊರಗಿನ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತ. ಮೂಗಿನ ಕಡೆಯ ಅಂಚಿನಲ್ಲಿ ಇನ್ನೂ ಉಳಿದಿದೆಯೆಂದು ನರ್ಸ್ ಬಂದು ಕರೆದಳು. ಎರಡನೇ ಪದರ ತೆಗೆಸಿಕೊಂಡು ಬಂದು ಮತ್ತೆ ಕೂತ.

"ನಮ್ಮ ಕೆಲಸದ ಹಾಗೇ ಇದೆ," ಎಂದ. "ಸ್ವಲ್ಪ ತೆಗಿ, ನೋಡು. ಮತ್ತೆ ಸ್ವಲ್ಪ ತೆಗಿ."

"ಇವ್ರು ಉಜ್ಜಬೇಕಾದ ಜಾಗದಲ್ಲಿ ಉಜ್ತಾರೆ. ನೀವು ಗಾಜನ್ನ ಉಜ್ಜಿದ್ರಿ."

ಪಟ್ಟಿಯಿಲ್ಲದ ಕಣ್ಣಿನಿಂದ ಅವಳನ್ನು ನೋಡಿದ, ನಕ್ಕನೋ ಇಲ್ಲವೋ ತಿಳಿಯಲಿಲ್ಲ. ಈ ಸಲ ಅಂಚೆಲ್ಲ ಶುದ್ಧವಿದೆಯೆಂದು ಒಳಗಿನಿಂದ ಹೇಳಿಕಳಿಸಿದರು. ಕಿವಿಯ ಹಿಂದಿನ ಚರ್ಮ ತೆಗೆದು ಅಲ್ಲಿಗೆ ಹೊಲಿದರು.

ಗಾಯ ಮಾಯಿತು. ಕೆಳರೆಪ್ಪೆ ತುಸು ಕೆಳಗೆ ಜಗ್ಗಿದಂತಿತ್ತು, ದೃಷ್ಟಿಗೇನೂ ಆಗಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಅವನು ಎಡಗಣ್ಣಿಗೆ ಗಾಜು ಸಿಕ್ಕಿಸಿ ಪ್ರಯತ್ನಿಸುತ್ತಿದ್ದ. ಮೇಜಿನ ಮೇಲೆ ತಿರುಪು ಚಿಮ್ಮಿದ ಸದ್ದು, ಆಮೇಲೆ ಅಂಗೈಯಿಂದ ನೆಲ ಸವರುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಬಳಿಕ ಅದೂ ಇಲ್ಲ. ಇದೊಂದು ಕೆಲಸ ಬಿಟ್ಟರೆ ಬೇರೇನೂ ಬಾರದ, ಬೇಕೂ ಆಗದ ಮನುಷ್ಯ. ಅವಳು ಪಾತ್ರೆಯ ಸದ್ದಾಗದಂತೆ ಓಡಾಡುತ್ತಿದ್ದಳು. ಹೇಗಾಗುತ್ತಿದೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಅವನೇ ಕರೆದ.

"ಇಲ್ಲಿ ಬಾ. ಕಿಟಕಿ ಹತ್ರ ಕೂತ್ಕೋ."

ಕೂತಳು. ಅವನು ಎಡಗಣ್ಣಿಗೆ ಗಾಜು ಸಿಕ್ಕಿಸಿ ಅವಳ ಹಣೆಗೆ ಬಾಗಿದ. ಇದೇನು ಎಂದು ಕೇಳಿದಳು.

"ಗಡಿಯಾರ ಕೈಲಿ ಹಿಡಿದ್ರೆ ಎಲ್ಲ ನಡುಗುತ್ತೆ. ನಡುಗ್ತಿರೋದು ಕೈಯಾ, ಕಣ್ಣಾ ಗೊತ್ತಾಗ್ತಿಲ್ಲ. ನೀನು ಅಲುಗಾಡ್ಬೇಡ."

"ನಾನೇನು ಗೋಡೆಗೆ ಹೊಡೆದ ಮೊಳೆನಾ?"

"ಮಾತಾಡಿದ್ರೆ ಹಣೆ ಅಲುಗಾಡುತ್ತೆ."

ಅವಳು ಉಸಿರು ಹಿಡಿದಳು. ಅವನ ಉಸಿರು ಅವಳ ಕೂದಲಿಗೆ ತಾಗುತ್ತಿತ್ತು. ಗಾಜು ಜಾರಿತು, ಅವನು ಅದನ್ನು ಹಿಡಿದು, ಹುಬ್ಬು ಇಳಿಸಿ, ಮತ್ತೆ ಸಿಕ್ಕಿಸಿಕೊಂಡ. ಎರಡನೇ ಸಲ ನಿಂತಿತು. ರಸ್ತೆಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅದು ಮುಗಿಯುವವರೆಗೂ ಅವನು ನೋಡುತ್ತಲೇ ಇದ್ದ.

"ಸಣ್ಣ ಸಣ್ಣ ಬಿರುಕಿವೆ," ಎಂದ ಕೊನೆಗೆ. "ಮೇಣದ ಹಾಗೇ. ಆ ಡಾಕ್ಟರ್ ಹುಡುಗಿ ಹೇಳಿದ್ದು ಸರಿ." ಇನ್ನಷ್ಟು ಹತ್ತಿರ ಬಾಗಿದ. ಆಮೇಲೆ, "ಅಂಚು ಅಲುಗದೆ ಕಾಣ್ತಿದೆ," ಎಂದ.

ಬರುವ ವಾರ ಅದನ್ನು ಉದುರಿಸಿಕೊಳ್ಳಲು ಹೋಗಬೇಕೆಂದಿದ್ದಳು. ಹೋಗಲೋ ಬೇಡವೋ ಎಂದು ಕೇಳಿದಳು.

"ಸ್ವಲ್ಪ ದಿನ ಇರ್ಲಿ. ನಂಗೆ ಅದ್ರಿಂದ ಕೆಲಸ ಇದೆ."

ಗಾಜು ಎಡಗಣ್ಣಲ್ಲೇ ಇರುವಂತೆ ಅವನು ಮೇಜಿನ ಕಡೆ ತಿರುಗಿದ. ಅವಳು ಎದ್ದುಹೋಗಿ ಅಂಗಡಿಯ ಬಾಗಿಲನ್ನು ಅರ್ಧ ತೆರೆದಳು.