ಆರುನೂರು ಓಮ್ಸ್

೧೯೯೮ರ ಆಗಸ್ಟ್ ೧೧, ಮಂಗಳವಾರ, ಬೆಳಿಗ್ಗೆ ಹನ್ನೊಂದೂಕಾಲು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿರುವ ಹನಮೇಶನ ರೇಡಿಯೊ ರಿಪೇರಿ ಅಂಗಡಿಗೆ ಧಾರವಾಡದ ಉಮಾಶ್ರೀ ತನ್ನ ಪುಟ್ಟ ಟೇಪ್ ರೆಕಾರ್ಡರಿನ ಜೊತೆ ಒಂದು ಹೆಡ್‌ಫೋನ್ ತಂದಳು. ಅದು ಕೆಟ್ಟಿರಲಿಲ್ಲ.

"ಇದರಾಗ ಏನರೆ ದೋಷ ಇದ್ದರ ಹೇಳ್ರಿ ಅಣ್ಣಾರ. ಇಲ್ಲಂದ್ರ ದೋಷ ನನ್ನ ಕಿವ್ಯಾಗ ಐತಿ" ಎಂದಳು.

ಲಕಮನಹಳ್ಳಿಯ ಒಂದು ಸಣ್ಣ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಹಳ್ಳಿಯ ಮುದುಕಿಯರು ಹಾಡಿದ ಬೀಸುವ ಪದಗಳ ಕ್ಯಾಸೆಟ್ ಕೇಳಿ, ಒಂದಕ್ಷರ ಬಿಡದೆ ಬರೆದುಕೊಡಬೇಕು. ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಜೂನ್‌ನಲ್ಲಿ ಹಳೆಯ ಹೆಡ್‌ಫೋನ್ ಮುರಿದಾಗ ಸಂಸ್ಥೆಯ ಮುಖ್ಯಸ್ಥ ಗುರುಶಿದ್ದಪ್ಪನವರು ಗುಜರಿಯಲ್ಲಿ ಹುಡುಕಿ ಇದನ್ನು ತಂದಿದ್ದರು. ತೂಕ ಇದ್ದದ್ದು ಬಾಳಿಕೆ ಬರುತ್ತದೆ ಎಂಬುದು ಅವರ ನಂಬಿಕೆ. ಅಂದಿನಿಂದ ಹಾಡು ಅವಳಿಗೆ ಗೋಡೆಯ ಆಚೆಯಿಂದ ಬಂದಂತೆ ಕೇಳಿಸುತ್ತಿತ್ತು. ಅವಳ ಬರಹದಲ್ಲಿ ಖಾಲಿ ಬಿಟ್ಟ ಜಾಗಗಳು ಹೆಚ್ಚಾದವು. ತಾಯಿ ಶರಣವ್ವನಿಗೆ ಮೂವತ್ತೈದಕ್ಕೇ ಕಿವಿ ಮಂದವಾಗಿದ್ದವು. ಉಮಾಶ್ರೀಗೆ ಈಗ ಮೂವತ್ನಾಲ್ಕು.

"ನಿಮ್ಮ ಸಾಹೇಬ್ರು ಹಚ್ಚಿ ನೋಡಲಿಲ್ಲೇನು?"

"ನೋಡಿದ್ರು. ಅವರಿಗಿ ಎಪ್ಪತ್ತರ ಮ್ಯಾಲ ಆಗೇತಿ. ತಮಗೇನೂ ಕೇಳಲಿಲ್ಲ, ಅದನ್ನ ವಯಸ್ಸಿನ ಮ್ಯಾಲ ಹಾಕಿದ್ರು. ಡಾಕ್ಟರ್ ಕಡೆ ಹೋಗಂದ್ರು. ಕಿವಿ ಮಂದಂತ ಕಾಗದದ ಮ್ಯಾಲ ಬಂದ್ರ ನಾ ಯಾವ ಕೆಲಸಾ ಮಾಡ್ಲಿರಿ?"

ಹನಮೇಶ ಮೀಟರಿನ ಕಡ್ಡಿಗಳನ್ನು ಪಿನ್ನಿಗೆ ಮುಟ್ಟಿಸಿದ. ವಿದ್ಯುತ್ ತಡೆ ತೋರಿಸುವ ಮುಳ್ಳು ಆರುನೂರು ಓಮ್ಸ್ ಹತ್ತಿರ ನಿಂತಿತು. ಅವನು ನಕ್ಕ.

"ನಿಮ್ಮ ಟೇಪು ಎರಡು ಸೆಲ್ಲಿಂದು ಅಕ್ಕಾರ. ಮೂವತ್ತೆರಡು ಓಮ್ಸಿನ ಹಗೂರ ಹೆಡ್‌ಫೋನಿಗಿ ಮಾಡಿದ್ದು. ಇದು ಆರುನೂರು, ಸ್ಟುಡಿಯೋದಾಗಿನ ದೊಡ್ಡ ಮಷಿನ್ನಿಗಿ ಹಚ್ಚೂ ಮಾಲು. ಇದಕ್ಕ ವೋಲ್ಟೇಜ್ ಜಾಸ್ತಿ ಬೇಕು. ಕೊಟ್ಟಷ್ಟು ಪವರಿಗಿ ಆವಾಜೂ ಕಮ್ಮಿ ಕೊಡತೈತಿ."

"ಹಂಗಂದ್ರ?"

"ಒಂದು ಕತ್ತೆ ಮ್ಯಾಲ ಲಾರಿ ತುಂಬ ಜೋಳ ಹೇರಿದಂಗ. ಕತ್ತೆನೂ ಛಲೋ ಐತಿ, ಜೋಳಾನೂ ಛಲೋ ಐತಿ."

"ನನ್ನ ಕಿವಿ?"

ಅವನು ಅಂಗಡಿಯ ಹಗುರ ಹೆಡ್‌ಫೋನನ್ನು ಅವಳ ಟೇಪಿಗೇ ಹಚ್ಚಿ ಕೊಟ್ಟ. ಅವಳು ಕೇಳಿದಳು. ಮುದುಕಿ ಪದದ ನಡುವೆ ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಂಥಾದ್ದೊಂದು ತಗೊಂಡ್ರ ಮುಗೀತು" ಎಂದ ಹನಮೇಶ.

"ಆಗೂದಿಲ್ರಿ. ಬಾಜೂ ಕಾರ್ಖಾನ್ಯಾಗ ದಿನಾ ತಗಡು ಬಡೀತಾರ. ಈ ದೊಡ್ಡದು ಕಿವಿ ಪೂರಾ ಮುಚ್ಚತೈತಿ. ಮತ್ತ ಸಾಹೇಬ್ರು ತಂದದ್ದು ಬ್ಯಾಡಂದ್ರ ಒಂದು ವಾರ ಮಾತಾಡೂದಿಲ್ಲ."

ಹನಮೇಶ ಅಲ್ಯುಮಿನಿಯಂ ಊಟದ ಡಬ್ಬಿಯೊಂದರಲ್ಲಿ ಆವಾಜು ಏರಿಸುವ ಪುಟ್ಟ ಆಂಪ್ಲಿಫೈಯರ್ ಕಟ್ಟಿದ. ಹೊರಹೋಗುವ ತಂತಿಗೆ ನೂರಿಪ್ಪತ್ತು ಓಮ್ಸಿನ ಒಂದು ರೆಸಿಸ್ಟರ್ ಹಾಕಿದ. ಆರುನೂರರ ಹೆಡ್‌ಫೋನ್ ಹಚ್ಚಿದರೆ ಅದು ವೋಲ್ಟೇಜಿನ ಆರರಲ್ಲಿ ಒಂದು ಪಾಲನ್ನು ಮಾತ್ರ ತಡೆಯುತ್ತದೆ. ಯಾರಾದರೂ ಮೂವತ್ತೆರಡರದ್ದು ಚುಚ್ಚಿದರೆ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ತಡೆಯುತ್ತದೆ. ತಡೆಯದಿದ್ದರೆ ಅಂಥ ಹಗುರದ್ದು ಕಿವಿ ಕೆಡುವಷ್ಟು ಕೂಗುತ್ತದೆ; ರೆಸಿಸ್ಟರ್ ಹಾಕಿದ್ದೇ ಅದಕ್ಕೆ.

ಶನಿವಾರ ಉಮಾಶ್ರೀ ಬಂದು ಕೇಳಿ ನೋಡಿದಳು.

"ಛಲೋ ಐತ್ರಿ. ಇನ್ನೊಂಚೂರು ಜೋರು ಆಗೂದಿಲ್ಲೇನು? ಮುಗದ ಹಳ್ಳಿ ಮುದುಕ್ಯಾರು ಭಾಳ ಸಣ್ಣ ದನೀಲೆ ಹಾಡ್ಯಾರ."

ಗಿರಾಕಿ 'ಸಾಕು' ಅನ್ನುವ ತನಕ ಆವಾಜ ಏರಿಸಿಕೊಡುವುದು ದುರ್ಗದಬೈಲಿನ ರಿಪೇರಿಯವರ ರೂಢಿ. ಸಾಕು ಅನ್ನದ ಗಿರಾಕಿ ಮುಂದಿನ ಸಲ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹನಮೇಶ ಇಪ್ಪತ್ತಾರು ವರ್ಷ ಹಾಗೆಯೇ ಮಾಡಿದ್ದ. ಡಬ್ಬಿ ಬಿಚ್ಚಿ, ರೆಸಿಸ್ಟರಿನ ಎರಡೂ ಕಾಲುಗಳಿಗೆ ಅಡ್ಡಲಾಗಿ ಒಂದು ತಂತಿ ಬೆಸೆದ. ಈಗ ರೆಸಿಸ್ಟರ್ ಇದ್ದೂ ಇಲ್ಲದಂತೆ. ಹೆಚ್ಚಿದ ಆವಾಜು ಎಷ್ಟು ಅಲ್ಪ ಎಂದು ಅವನಿಗೆ ಗೊತ್ತಿತ್ತು. ಆದರೆ ಡಬ್ಬಿ ಬಿಚ್ಚಿದ್ದನ್ನು ಅವಳು ನೋಡಿದ್ದಳು; ಆವಾಜು ಏರಿತೆಂದು ನಂಬಲು ಅವಳಿಗೆ ಅಷ್ಟು ಸಾಕು.

"ಈಗ ಸಾಕ್ರಿ" ಎಂದಳು.

ಬೇರೆ ಹೆಡ್‌ಫೋನ್ ಹಚ್ಚಬಾರದೆಂದು ಮುಚ್ಚಳದ ಮೇಲೆ ಬರೆಯಬೇಕೆಂದಿದ್ದ. ಅವಳು ಧಾರವಾಡದ ಬಸ್ಸಿನ ಅವಸರದಲ್ಲಿದ್ದಳು. ಈಗಷ್ಟೇ ಧೈರ್ಯ ಬಂದವಳಿಗೆ ಮತ್ತೊಂದು ಹೆದರಿಕೆ ಯಾಕೆ ಎಂದೂ ಅನಿಸಿತು. ಬರೆಯಲಿಲ್ಲ, ಹೇಳಲೂ ಇಲ್ಲ.

ನವೆಂಬರ್ ೧೮ರ ಬುಧವಾರ ಮಧ್ಯಾಹ್ನ ಅವಳು ಮತ್ತೆ ಬಂದಳು. ಜೊತೆಗೆ ಗುರುಶಿದ್ದಪ್ಪನವರು. ಹನಮೇಶ "ಬರ್ರಿ ಅಕ್ಕಾರ" ಎಂದಾಗ ಅವಳು ಅವನ ತುಟಿ ನೋಡಿದಳು.

ಮಾತಾಡಿದವರು ಗುರುಶಿದ್ದಪ್ಪನವರು. ಅಕ್ಟೋಬರ್ ಕೊನೆಯಲ್ಲಿ ದೊಡ್ಡ ಹೆಡ್‌ಫೋನಿನ ವಾಯರು ಕಿತ್ತಿತ್ತು. ಕೆಲಸ ನಿಲ್ಲಬಾರದೆಂದು ಅವರೇ ಧಾರವಾಡ ಪೇಟೆಯಲ್ಲಿ ಹೊಸದೊಂದು ಕೊಂಡು, ಅವಳು ಬರುವ ಮೊದಲೇ ಡಬ್ಬಿಗೆ ಹಚ್ಚಿ ಇಟ್ಟಿದ್ದರು. ಹಗುರದ್ದು, ಮೂವತ್ತೆರಡು ಓಮ್ಸ್. ಡಬ್ಬಿಯ ಆವಾಜಿನ ಗುಂಡಿ ಹಿಂದಿನ ದಿನ ಸಣ್ಣ ದನಿಯ ಪದಕ್ಕೆ ಏರಿಸಿದಲ್ಲಿಯೇ ಇತ್ತು. ಅಂದಿನ ಕ್ಯಾಸೆಟ್ ಶುರುವಾಗುವುದೇ ಡೊಳ್ಳಿನಿಂದ.

"ನಾನ ಅಕಿ ಕೈಯಾಗ ಕೊಟ್ಟೆ. ಕಿವಿಗಿ ಹಚ್ಚಿಕೊಂಡ್ಲು, ಟೇಪಿನ ಗುಂಡಿ ಒತ್ತಿದ್ಲು, ಕಿತ್ತು ಒಗದ್ಲು. ಅಷ್ಟ ನೋಡ್ರಿ" ಎಂದರು. "ಎಡಗಿವಿ ಪೂರಾ ಹೋಗೇತಿ. ಬಲಕ್ಕ ಹಗಲೂ ರಾತ್ರಿ ಸಿಳ್ಳು ಹೊಡದಂಗ ಆಗತೈತಂತ. ತಾಯಿ ಜಡ್ಡು ಬಂದೇತಿ, ಇವತ್ತಲ್ಲ ನಾಳೆ ಬರೂದಿತ್ತು ಅಂತ ಅವರ ಮನ್ಯಾಗ ಅಂತಾರ. ನೀವೇನಂತೀರಿ?"

ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಹನಮೇಶ ಬಿಚ್ಚಿ ನೋಡಬೇಕಾಗಿರಲಿಲ್ಲ. ಆದರೂ ಬಿಚ್ಚಿದ. ಬೆಸೆದ ತಂತಿ ಹಾಗೆಯೇ ಹೊಳೆಯುತ್ತಿತ್ತು.

ಸುಮ್ಮನಿದ್ದರೆ ತಾಯಿಯ ಜಡ್ಡು ಎಂದೇ ಎಲ್ಲರೂ ನಂಬುತ್ತಿದ್ದರು. ಉಮಾಶ್ರೀಯೂ ನಂಬುತ್ತಿದ್ದಳು. ಹೇಗೂ ಕಿವಿ ಹೋಗುವುದಿತ್ತು ಎಂದುಕೊಂಡರೆ ಅವಳಿಗೂ ಸ್ವಲ್ಪ ಸಮಾಧಾನವಾಗಬಹುದು ಎಂದು ಹನಮೇಶನಿಗೆ ಒಂದು ಗಳಿಗೆ ಅನಿಸಿತು. ಇದು ತನಗೆ ಅನುಕೂಲದ ವಿಚಾರ ಎಂಬುದೂ ಅವನಿಗೆ ತಿಳಿಯಿತು.

ಉಮಾಶ್ರೀ, ಕೇಳದವರು ಮಾತಾಡುವಷ್ಟು ಜೋರಾಗಿ, ಕೇಳಿದಳು: "ಮೊದಲ ನನ್ನ ಕಿವಿ ಛಲೋ ಇದ್ದವಲ್ರಿ? ನೀವ ಕೇಳಿಸಿ ತೋರಿಸಿದ್ರಿ."

ಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಹನಮೇಶ ಬಿಲ್ ಪುಸ್ತಕ ಎಳೆದುಕೊಂಡು ಹಾಳೆಯ ಹಿಂದೆ ಬರೆದ: 'ಛಲೋ ಇದ್ದವು. ಈ ತಂತಿ ನಾನು ಹಾಕಿದ್ದು. ಹಾಕಬಾರದಿತ್ತು. ಬೇರೆ ಹೆಡ್‌ಫೋನ್ ಹಚ್ಚಬೇಡಿ ಅಂತಲೂ ಹೇಳಲಿಲ್ಲ.' ಹಾಳೆಯನ್ನು ಅವಳತ್ತ ಸರಿಸಿ, ಬೆರಳಿನಿಂದ ತಂತಿ ತೋರಿಸಿದ.

ಅವಳು ಎರಡು ಸಲ ಓದಿದಳು. ಗುರುಶಿದ್ದಪ್ಪನವರು ಓದಲು ಕೈಚಾಚಿದರು. ಕೊಡದೆ ಮಡಚಿ ಚೀಲದಲ್ಲಿಟ್ಟುಕೊಂಡಳು.

"ಅವ್ವಗ ತೋರಸ್ತೇನಿ" ಎಂದಳು. "ಅಕಿ, ತನ್ನ ಜಡ್ಡು ನನಗ ಬಂತು, ತಪ್ಪು ತನ್ನದ ಅಂತ ಊಟ ಬಿಟ್ಟಾಳ."

ಡಿಸೆಂಬರ್ ಒಂದರಿಂದ ಮುಗದದ ಉಳಿದ ಹನ್ನೆರಡು ಕ್ಯಾಸೆಟ್‌ಗಳನ್ನು ಸಂಸ್ಥೆ ಇನ್ನೊಬ್ಬರಿಗೆ ಬರೆಯಲು ಕೊಟ್ಟಿತು.