ಕುಮುದಿನಿ ವೈನಿಯವರ ಅರಿಶಿಣ ಕುಂಕುಮ

ಮಧ್ಯಾಹ್ನ ಇಳಿಯುವ ಹೊತ್ತಿಗೆ ಡಬ್ಬಿಗಳು ಮುಗಿದುಹೋದವು, ಹೆಂಗಸರು ಮುಗಿಯಲಿಲ್ಲ. ಖಾನಾಪುರದ ಮಂಗಲ ಕಾರ್ಯಾಲಯದ ಬಾಗಿಲಿಗೆ ನಂದಗಡದಿಂದ ಇನ್ನೂ ಎರಡು ಗಾಡಿ ಬಂದು ನಿಂತಿದ್ದವು. ಹೊಸ ಸೀರೆ, ತಲೆತುಂಬ ಅಬ್ಬಲಿಗೆ, ಬಾಯಿತುಂಬ ನಗು. ಮುಕ್ಕಾಲು ಪಾಲು ಹೆಂಗಸರು ಬಂದದ್ದು ಸಂಕ್ರಾಂತಿಯ ಕುಂಕುಮಕ್ಕಲ್ಲ, ಉಡುಗೊರೆಯ ಸ್ಟೀಲ್ ಡಬ್ಬಿಗೆ. ಅದನ್ನು ಅವರೂ ಮುಚ್ಚಿಡಲಿಲ್ಲ, ಕರೆದವರಿಗೂ ಗೊತ್ತಿತ್ತು. ಡಬ್ಬಿಯ ಮುಚ್ಚಳದ ಮೇಲೆ ವಿಕ್ರಮ ಕೈಮುಗಿದು ನಿಂತ ಫೋಟೋ. ಬರುವ ಚುನಾವಣೆಗೆ ಅವನು ನಿಲ್ಲುವವನಿದ್ದ.

ವಿಕ್ರಮನ ತಾಯಿ ಕುಮುದಿನಿ ವೈನಿಯವರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೈಗೆಲಸಕ್ಕೆ ನಿಂತಿದ್ದ ಅನುರಾಧಾಳನ್ನು ಬಾಜುಕ್ಕೆ ಕರೆದರು. "ಅಗ, ಮುತ್ತೈದೇರು ಬರಿಗೈಲೆ ಹೋದ್ರ ನಮ್ಮ ಮನಿತನದ ಮರ್ಯಾದಿ ಏನ ಉಳೀತು? ಹಿಂದಿನ ವಖಾರಿಯೊಳಗ ತಾಡಪತ್ರಿ ಹೊಚ್ಚಿದ್ದು ಇನ್ನೊಂದಿಷ್ಟು ಡಬ್ಬಿ ಅವ. ತಗೊಂಡ ಬಾ."

"ಧಣ್ಯಾರನ್ನ ಒಂದ ಮಾತ ಕೇಳಬೇಕಿತ್ತೇನ್ರಿ?"

"ಅವರು ಬೆಳಗಾವಿಯೊಳಗ ಮಂತ್ರಿ ಸಾಹೇಬರ ಜೋಡಿ ಕೂತಾರ, ಫೋನ ಎತ್ತವಲ್ರು. ಡಬ್ಬಿ ಕೊಡಲಿಕ್ಕೆ ಗಂಡಸರನ್ನ ಏನ ಕೇಳೂದು?" ವೈನಿಯವರು ಸೊಂಟದ ಗೊಂಚಲಿನಿಂದ ಒಂದು ಕೀಲಿಕೈ ಬಿಡಿಸಿ ಕೊಟ್ಟೇಬಿಟ್ಟರು.

ಆ ಮನೆಯ ರೀತಿಯೇ ಹಾಗಿತ್ತು. ಗಂಡಸರ ವ್ಯವಹಾರ ಹೆಂಗಸರು ಕೇಳುವುದಿಲ್ಲ, ಹೆಂಗಸರ ಪೂಜೆ ಪುನಸ್ಕಾರದಲ್ಲಿ ಗಂಡಸರು ಬಾಯಿ ಹಾಕುವುದಿಲ್ಲ. ವೈನಿಯವರ ಗಂಡ ಮಾರ್ತಾಂಡರಾಯರು ಊರ ಕಣ್ಣಿಗೆ ಗೋಡಂಬಿ ವ್ಯಾಪಾರಿ. ಗೋಡಂಬಿ ಚೀಲದ ಕೆಳಗೆ ಗೋವಾಕ್ಕೆ ಏನು ಹೋಗುತ್ತದೆ ಎಂಬುದು ಊರಿಗೂ ಗೊತ್ತಿತ್ತು, ಬೆಳಗಾವಿಯ ಆ ಮಾಜಿ ಮಂತ್ರಿಗಳಿಗೂ ಗೊತ್ತಿತ್ತು. ಅವರ ಚುನಾವಣೆಯ ಖರ್ಚು ಅಲ್ಲಿಂದಲೇ ಬರುತ್ತಿತ್ತು. ಗೊತ್ತಿದ್ದೂ ಬಾಯಿಬಿಡದೆ ಇರುವುದು ಎಲ್ಲರಿಗೂ ರೂಢಿಯಾಗಿತ್ತು. ಹೋದ ಮಳೆಗಾಲದಲ್ಲಿ ಪರಜಿಲ್ಲೆಯ ಪೊಲೀಸರು ಹಾದಿಯಲ್ಲಿ ಗಾಡಿ ಹಿಡಿದು ಚೀಲ ಕೊಯ್ದಾಗ ಸಿಕ್ಕಿಬಿದ್ದವನು ಗಾಡಿ ಹೊಡೆಯುತ್ತಿದ್ದ ಸೋಮಲಿಂಗ. ಬೀಡಿ ಎಂಬ ಊರಿನ ಕುರುಬರ ಹುಡುಗ, ಅನುರಾಧಾಳ ಗಂಡ. ಗಾಂಜಾ ಯಾರದೆಂದು ಅವನು ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ಅಂದಿನಿಂದ ಅವನು ಹಿಂಡಲಗಾ ಜೈಲಿನಲ್ಲಿದ್ದ. ಬರುವ ಸೋಮವಾರ ನ್ಯಾಯಾಧೀಶರ ಮುಂದೆ ನಿಂತು "ಮಾಲು ನನ್ನದೇ" ಎಂದು ಒಪ್ಪಿಕೊಂಡುಬಿಟ್ಟರೆ ಮನೆಯ ಕಡೆ ನಾವು ನೋಡಿಕೊಳ್ಳುತ್ತೇವೆ ಎಂದು ವಿಕ್ರಮ ಹೇಳಿಕಳಿಸಿದ್ದ. ಸೋಮಲಿಂಗ ಒಪ್ಪಿರಲಿಲ್ಲ. ಹೆಂಡತಿ ಹೇಳಿದರೆ ಒಪ್ಪುತ್ತಾನೆ ಎಂದು ಇವತ್ತು ಅವಳನ್ನು ಕರೆಸಿದ್ದರು. ಸಂಜೆಯೊಳಗೆ ಹ್ಞೂಂ ಅನ್ನಬೇಕು. ಹ್ಞೂಂ ಅಂದರೆ ಗಂಡನ ಹತ್ತು ವರ್ಷ ಜೈಲಿನಲ್ಲೇ ಹೋಯಿತು. ಅನ್ನದಿದ್ದರೆ ಮನೆಗೆ ಬೆಂಕಿ ಬೀಳುವುದಕ್ಕೂ ಹೊತ್ತು ಬೇಕಿರಲಿಲ್ಲ.

ಅನುರಾಧಾ ವಖಾರಿಯ ಬೀಗ ತೆಗೆದು ತಾಡಪತ್ರಿ ಸರಿಸಿದಾಗ ಅವೇ ಡಬ್ಬಿ, ಅದೇ ವಿಕ್ರಮನ ಫೋಟೋ. ಆದರೆ ಒಂದನ್ನು ಎತ್ತಿದರೆ ಕೈ ಜಗ್ಗಿತು. ಅಕ್ಕಿ ತುಂಬಿದ್ದಾರೇನೋ ಎಂದು ಮುಚ್ಚಳ ತೆಗೆದಳು. ಮೇಲೆ ಒಂದು ಪದರ ಕುಸುರೆಳ್ಳು, ಅದರ ಕೆಳಗೆ ಕಂದು ಟೇಪು ಸುತ್ತಿದ ಇಟ್ಟಿಗೆಯಂಥ ಪೊಟ್ಟಣ. ಉಗುರಿನಿಂದ ಮೂಲೆ ಹರಿದಳು. ಗಂಡನನ್ನು ಹಿಡಿದ ದಿನ ಠಾಣೆಯ ಮೇಜಿನ ಮೇಲಿಂದ ಬಂದ ಅದೇ ವಾಸನೆ ಮೂಗಿಗೆ ಬಡಿಯಿತು. ನಾಕಾದಲ್ಲಿ ನಿಂತ ಪೊಲೀಸರು ಮಂತ್ರಿ ಸಾಹೇಬರ ಕಡೆಯ ಉಡುಗೊರೆ ಡಬ್ಬಿ ಎಂದರೆ ಗಾಡಿಗೆ ಕೈ ಅಡ್ಡ ಹಾಕುವುದಿಲ್ಲ. ಮಾರ್ತಾಂಡರಾಯರ ತಲೆ ಎಂಥದಿತ್ತೆಂದರೆ, ಈ ಉಪಾಯವನ್ನು ಹೆಂಡತಿಗೂ ಹೇಳಿರಲಿಲ್ಲ.

ಅನುರಾಧಾ ಬಾಗಿಲ ಕಡೆ ನೋಡಿದಳು. ಇಲ್ಲೇ ಕೂಗಿದರೆ? ಊಟದ ಪಂಕ್ತಿಯಲ್ಲಿ ಇನ್ಸ್‌ಪೆಕ್ಟರರೇ ಕೂತು ಹೋಳಿಗೆ ಮುರಿಯುತ್ತಿದ್ದರು. ಗಂಡನಂತೆ ಹೆಂಡತಿಯೂ ಮಾಲಿನ ಸಮೇತ ಸಿಕ್ಕಳು ಎಂದು ಬರೆದುಕೊಂಡು ಅವರು ಕೈತೊಳೆದುಕೊಳ್ಳುವವರೇ. ಅವಳು ಮುಚ್ಚಳ ಹಾಕಿ ಕೈಯನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ ಬಡಿಸುವ ಹೆಂಗಸರನ್ನು ಕರೆದು, ಬುಟ್ಟಿ ಬುಟ್ಟಿ ಡಬ್ಬಿ ಹೊರಿಸಿ, ಸಭೆಗೆ ತಂದು ವೇದಿಕೆಯ ಮೇಲೆ ಸಾಲಾಗಿ ಒಟ್ಟಿಸಿದಳು.

"ಶಾಣ್ಯಾಕಿ!" ಎಂದರು ವೈನಿಯವರು. ತಾವೇ ಎತ್ತಿ ಎತ್ತಿ ಉಡಿಗೆ ಹಾಕತೊಡಗಿದರು. ಉಡಿಯಲ್ಲಿ ಬಿದ್ದದ್ದನ್ನು ಅಲ್ಲೇ ತೆರೆದು ನೋಡುವ ಪದ್ಧತಿಯಿಲ್ಲ, ಯಾರೂ ತೆರೆಯಲಿಲ್ಲ. "ಈ ಸಲ ಡಬ್ಬಿ ಬಾಳ ವಜ್ಜಾ ಅದಾವ ನೋಡ್ರವ್ವಾ," ಎಂದು ನಂದಗಡದ ಕಾಂತಾ ಮಾತ್ರ ಸಂತೋಷಪಟ್ಟಳು.

ಅಷ್ಟರಲ್ಲಿ ಒಡಪು ಶುರುವಾಗಿತ್ತು. ಒಬ್ಬೊಬ್ಬರೇ ಮೈಕಿನ ಮುಂದೆ ಬಂದು ನಾಚುತ್ತ ಗಂಡನ ಹೆಸರನ್ನು ಪದ ಕಟ್ಟಿ ಹೇಳುವುದು, ಉಳಿದವರು ಹೋ ಎನ್ನುವುದು. ವಿಕ್ರಮನ ಕಡೆಯವನೊಬ್ಬ ಎಲ್ಲವನ್ನೂ ಫೋನಿನಲ್ಲಿ ನೇರವಾಗಿ ಜಗತ್ತಿಗೆ ತೋರಿಸುತ್ತಿದ್ದ. ವೈನಿಯವರಿಗೆ ಆ ಹೊತ್ತಿನಲ್ಲಿ ದೊಡ್ಡಸ್ತಿಕೆ ಉಕ್ಕಿಬಂತು. "ನಮ್ಮ ಅನುರಾಧಾನ ಕೈಲೆ ಹೆಸರ ಹೇಳಸೂಣು. ಗಂಡ ಕಷ್ಟದಾಗ ಇದ್ದಾನ, ಖರೇ. ಆದ್ರ ನಾವು ನಮ್ಮ ಮಂದೀನ ಕೈ ಬಿಡೂದಿಲ್ಲ," ಎಂದು ಫೋನಿನ ಕಡೆ ಮುಖ ಮಾಡಿಯೇ ಅಂದರು. ಆಗಷ್ಟೇ ಊಟದ ಪಂಕ್ತಿಯಿಂದ ಎದ್ದು ಬಂದಿದ್ದ ವಿಕ್ರಮ ತಲೆದೂಗಿದ.

ಅನುರಾಧಾ ಒಂದು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮೈಕಿಗೆ ಬಂದಳು. ಮದುವೆಯಾದ ವರ್ಷ ಊರ ಹೆಂಗಸರೆಲ್ಲ ಪೀಡಿಸಿ ಪೀಡಿಸಿ ಹೆಸರು ಹೇಳಿಸಿದ್ದು, ಬಾಗಿಲ ಮರೆಯಲ್ಲಿ ನಿಂತು ಸೋಮಲಿಂಗ ನಕ್ಕದ್ದು ನೆನಪಾಯಿತು. ನೆನಪಾದದ್ದೇ ಒಳ್ಳೆಯದಾಯಿತು, ದನಿ ಗಟ್ಟಿಯಾಗಿಯೇ ಬಂತು.

"ಅರಿಶಿಣದ ಕೈಲೆ ಡಬ್ಬಿ ತಂದೀನಿ,
ಡಬ್ಬ್ಯಾಗಿನ ಮಾಲ ಕಣ್ಣಾರೆ ಕಂಡೀನಿ,
ಧಣ್ಯಾರ ಪಾಪ ಹೊತ್ತು ಜೈಲಿನ್ಯಾಗ ಕುಂತ
ಸೋಮಲಿಂಗರ ಹೆಸರ ನಾಕ ಮಂದ್ಯಾಗ ಅಂದೀನಿ!"

ಹೋ ಎನ್ನಲು ತೆರೆದ ಬಾಯಿಗಳು ತೆರೆದೇ ಉಳಿದವು. ಅವಳು ಮುಚ್ಚಳ ತೆಗೆದು ಡಬ್ಬಿ ಬೋರಲು ಹಾಕಿದಳು. ಕುಸುರೆಳ್ಳು ವೇದಿಕೆಯ ತುಂಬ ಸಿಡಿದವು, ಪೊಟ್ಟಣ ಧಪ್ಪೆಂದು ಬಿತ್ತು. ಅವಳು ಅದನ್ನು ಎತ್ತಿ ಫೋನಿನ ಮುಂದೆ ಹಿಡಿದಳು.

"ಬಂದ ಮಾಡಲೇ! ಬಂದ ಮಾಡು!" ವಿಕ್ರಮ ತನ್ನ ಕಡೆಯವನ ಮೇಲೆ ಹಾರಿ ಫೋನು ಕಸಿದುಕೊಂಡ. ಆ ಒಂದು ಫೋನು ನಿಂತಿತು. ಸಭೆಯಲ್ಲಿ ಅಷ್ಟೊತ್ತಿಗೆ ಬೇರೆ ಹೆಂಗಸರ ಕೈಯ ಫೋನುಗಳು ಮೇಲೆದ್ದಿದ್ದವು. ಮುಂದಿನ ಸಾಲಿನಲ್ಲಿ ಕಾಂತಾ ತನ್ನ ಡಬ್ಬಿ ತೆರೆದಳು, ಪೊಟ್ಟಣ ಮೂಸಿ ನೋಡಿ "ಇದರ ಹೆಣಾ ಎತ್ಲಿ!" ಎಂದಳು. ಆಮೇಲೆ ಪದ್ಧತಿ ಗಿದ್ಧತಿ ಯಾರು ನೋಡುತ್ತಾರೆ? ಸಭೆಯುದ್ದಕ್ಕೂ ಮುಚ್ಚಳಗಳು ಠಣ್ ಠಣ್ ಎಂದು ಬಿಚ್ಚಿಕೊಂಡವು. ಕೊನೆಯ ಸಾಲಿನವರಿಗೆ ಮೊದಲು ಹಂಚಿದ ಬರೀ ಕುಸುರೆಳ್ಳಿನ ಡಬ್ಬಿಯೇ ಸಿಕ್ಕಿದ್ದರಿಂದ ಅವರು ಮುಂದಿನವರದ್ದು ನೋಡಲು ಬೆಂಚು ಹತ್ತಿದರು.

ಇನ್ಸ್‌ಪೆಕ್ಟರರು ಎಂಜಲು ಕೈಯಲ್ಲೇ ಓಡಿ ಬಂದರು. ಅನುರಾಧಾ ಅವರಿಗೆ ದಾರಿ ಬಿಟ್ಟು ನಿಂತಳು. "ಬರ್ರಿ ಸಾಹೇಬರ. ಎಲ್ಲಾರ ಉಡ್ಯಾಗೂ ಐತಿ. ಇದನ್ನ ಈಗ ಯಾರ ಹೆಸರಿಲೆ ಬರಕೋತೀರಿ?"

ಸಭೆ ನಕ್ಕಿತು. ಭಯದ ನಗೆಯಲ್ಲ, ಹೊಟ್ಟೆತುಂಬ ನಗೆ. ಬೀಡಿಯವರು, ನಂದಗಡದವರು, ಮರಾಠಿಯವರು, ಕನ್ನಡದವರು ಎಲ್ಲರೂ ಕೂಡಿ ನಕ್ಕರು. ಇನ್ಸ್‌ಪೆಕ್ಟರರ ಕೈಯ ಹೋಳಿಗೆಯ ಹೂರಣ ಅಲ್ಲೇ ಒಣಗಿತು.

ಹಿಂದಿನ ಅಂಗಳದಲ್ಲಿ ಗೋಡಂಬಿ ಚೀಲ ತುಂಬಿ ಗೋವಾಕ್ಕೆ ಹೊರಡಬೇಕಾದ ಗಾಡಿಯ ಇಂಜಿನ್ನು ಶುರುವಾದದ್ದು ಕೇಳಿಸಿತು. ಅನುರಾಧಾಳ ಅತ್ತೆ ಪದ್ಮವ್ವ ಅಲ್ಲೇ ಬೇವಿನ ಗಿಡದ ಬುಡದಲ್ಲಿ ಕೂತಿದ್ದಳು. ಗಂಡ ಸತ್ತವಳಾದ್ದರಿಂದ ಕುಂಕುಮಕ್ಕೆ ಒಳಗೆ ಕರೆ ಇರಲಿಲ್ಲ. ಮೈಕಿನಲ್ಲಿ ಸೊಸೆ ಅಂದದ್ದನ್ನೆಲ್ಲ ಅವಳು ಕೇಳಿದ್ದಳು. ಎದ್ದು ಬಂದು ಹೆಗಲ ಮೇಲಿನ ಕರಿ ಕಂಬಳಿಯನ್ನು ಗಾಡಿಯ ಮುಂದೆ ಹಾಸಿ ಕೂತಳು. ಗಾಡಿ ಹೊಡೆಯುವವನು ಅವರ ಊರಿನ ಕುರುಬರವನೇ, ಮೈಲಾರಲಿಂಗ. ಆ ಕುಲದವರು ಕಂಬಳಿಯನ್ನು ಹಾಸಿ ದೇವರನ್ನು ಕೂಡಿಸುತ್ತಾರೆ, ಅದರ ಮೇಲೆ ಚಪ್ಪಲಿಗಾಲು ಕೂಡ ಇಡುವುದಿಲ್ಲ.

"ಹೊಡಿಯೋ ತಮ್ಮಾ," ಎಂದಳು ಪದ್ಮವ್ವ. "ನನ್ನ ಮ್ಯಾಲಿಂದ ಬೇಕಾರ ಹೊಡಿ. ಕಂಬಳಿ ಮ್ಯಾಲಿಂದ ಹೆಂಗ ಹೊಡೀತಿ ನೋಡೂಣು."

ಮೈಲಾರಲಿಂಗ ಇಂಜಿನ್ನು ಬಂದ್ ಮಾಡಿದ. ಕೆಳಗಿಳಿದು ಚಪ್ಪಲಿ ಬಿಟ್ಟು, ಕೀಲಿಕೈಯನ್ನು ಮುದುಕಿಯ ಉಡಿಗೆ ಹಾಕಿದ. "ಸೋಮಣ್ಣನಂಗ ನಾಳಿ ನಾನೂ ಜೈಲಿನ್ಯಾಗ ಕುಂದರಬೇಕಾಗಿತ್ತಬೇ ಯವ್ವಾ," ಎಂದು ಕಂಬಳಿಯ ಅಂಚಿಗೆ ತಾನೂ ಕೂತ.

ಆ ವಿಡಿಯೋ ಬೆಳಗಾವಿಯ ಮನೆಮನೆ ಸುತ್ತಿ ದೊಡ್ಡ ಅಧಿಕಾರಿಗಳನ್ನು ಮುಟ್ಟಿತ್ತು. ಬಿಸಿಲು ಇಳಿಯುವ ಮುಂಚೆ ಅಲ್ಲಿಂದ ಜೀಪುಗಳು ಬಂದವು. ಅಲ್ಲಿಯತನಕ ಒಬ್ಬ ಹೆಂಗಸೂ ಕದಲಲಿಲ್ಲ. ವೈನಿಯವರು ಕುಂಕುಮದ ತಟ್ಟೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. "ನನಗ ಹೇಳಿದ್ದಿಲ್ಲ ಗ," ಎಂದರು, "ಒಂದ ಮಾತ ಹೇಳಿದ್ದಿಲ್ಲ." ಅನುರಾಧಾಳಿಗೆ ಕನಿಕರವಾಯಿತು. ಬಹಳವೇನಲ್ಲ, ಚೂರು.

ಮಾರನೆಯ ದಿನ ಮಾಜಿ ಮಂತ್ರಿಗಳು ಟೀವಿಯಲ್ಲಿ ಮಾರ್ತಾಂಡರಾಯರು ಯಾರೋ ತಮಗೆ ಗೊತ್ತಿಲ್ಲ ಎಂದರು. ಮೈಲಾರಲಿಂಗ ಬಾಯಿ ಬಿಟ್ಟ ಮೇಲೆ ಅವರ ಮನೆಗೂ ನೋಟೀಸು ಹೋಯಿತು. ಮಾರ್ತಾಂಡರಾಯರು, ವಿಕ್ರಮ, ಅಪ್ಪ ಮಗ ಇಬ್ಬರೂ ಒಳಗಾದರು. ಸೋಮವಾರ ಕೋರ್ಟಿನಲ್ಲಿ ಸೋಮಲಿಂಗ ಏನನ್ನೂ ಒಪ್ಪಿಕೊಳ್ಳಲಿಲ್ಲ. ಯುಗಾದಿ ಕಳೆದ ಮೇಲೆ ಅವನಿಗೆ ಜಾಮೀನಾಯಿತು.

ಹಿಂಡಲಗಾದಿಂದ ಬಸ್‌ಸ್ಟ್ಯಾಂಡಿಗೆ ಬಂದು ಇಬ್ಬರೂ ಬೀಡಿಯ ಬಸ್ಸು ಹತ್ತಿದರು. ದೇಸೂರು ದಾಟುವುದರೊಳಗೆ ಸೋಮಲಿಂಗ ಕಿಟಕಿಗೆ ತಲೆ ಆನಿಸಿ ಬಾಯಿ ತೆರೆದು ನಿದ್ದೆ ಹೋದ. ಕಂಡಕ್ಟರು ಅವಳನ್ನು ಗುರುತು ಹಿಡಿದ. ಜೈಲಿಗೆ ಓಡಾಡಿದ ಇಷ್ಟು ದಿನವೂ ಅವಳಿಗೆ ಕೊಟ್ಟದ್ದು ಹೆಂಗಸರ ಪುಕ್ಕಟೆ ಚೀಟಿ ಒಂದೇ. ಇವತ್ತೂ ಕೇಳದೆಯೇ ಅದೊಂದನ್ನು ಹರಿದು ಕೈಗಿಟ್ಟು ಮುಂದೆ ಹೊರಟ.

"ನಿಂದರ್ರಿ," ಎಂದಳು ಅನುರಾಧಾ, ಗಂಡನ ನಿದ್ದೆ ಕೆಡದ ಹಾಗೆ ಮೆಲ್ಲಗೆ ಕುಪ್ಪಸದೊಳಗಿನ ಚೀಲ ತೆಗೆಯುತ್ತ. "ಬೀಡಿಗೆ ಒಂದ ಗಂಡಸರ ಟಿಕೀಟ ಕೊಡ್ರಿ."